ಹಾಡಿನೊಂದಿಗೆ ಹೆಸರೂ ಬರಲಿ



ನಿಮ್ಮಲ್ಲಿ ಅನೇಕರು ನನಗೆ ಹಾಡುಗಳನ್ನು ಕಳುಹಿಸಿಕೊಡುತ್ತೀರಿ. ಬೆಂಗಳೂರು, ಪುಣೆ, ದುಬೈ, ನೀವು ಎಲ್ಲಿಯೇ ಇರಿ, ನಿಮಗೆ ಹಿಡಿಸಿದ್ದನ್ನು ತಂಬ್ರಹಳ್ಳಿಯಲ್ಲಿ ಕುಳಿತ ಈ ನಿವೃತ್ತ ಮೇಷ್ಟರಿಗೂ ಒಮ್ಮೆ ಕೇಳಿಸಬೇಕೆಂಬ ಆಸೆ ನಿಮಗಿರುವುದು ನನ್ನ ಭಾಗ್ಯ. ಒಬ್ಬರು ಭಾವಗೀತೆಗಳನ್ನು ಆರಿಸಿ ಪೋಣಿಸಿ ಕಳುಹಿಸಿದರೆ, ಇನ್ನೊಬ್ಬರು ಕನ್ನಡದ ರ‍್ಯಾಪ್ ಹಾಡುಗಳನ್ನು ಕಳುಹಿಸಿ, "ಸರ್, ಬೈಯಬೇಡಿ, ಪೂರ್ತಿ ಕೇಳಿ" ಎಂದು ಬರೆಯುತ್ತಾರೆ. ಮತ್ತೊಬ್ಬರು ಮಹಾನಗರದ ಗೋಡೆಗಳ ಮೇಲೆ ಮೂಡಿದ ಚಿತ್ರಗಳ ಫೋಟೋಗಳನ್ನು ಕಳುಹಿಸುತ್ತಾರೆ. ನಾನು ಎಲ್ಲವನ್ನೂ ಕೇಳುತ್ತೇನೆ, ನೋಡುತ್ತೇನೆ. ಬೈಯುವುದಿಲ್ಲ. ಹೊಸದೆಲ್ಲ ಕೆಟ್ಟದ್ದು, ಹಳೆಯದೆಲ್ಲ ಚಿನ್ನ ಎನ್ನುವ ವಾದ ನನ್ನದಲ್ಲ.

ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ನೀವು ಕಳುಹಿಸುವ ಹಾಡಿನೊಂದಿಗೆ ಹಾಡಿದವರ ಹೆಸರಿರುವುದಿಲ್ಲ. ಬರೆದವರ ಹೆಸರಂತೂ ಇಲ್ಲವೇ ಇಲ್ಲ. ಗೋಡೆಯ ಚಿತ್ರ ಯಾವ ಬೀದಿಯದು, ಬರೆದವರು ಯಾರು ಎಂದು ಕೇಳಿದರೆ "ಗೊತ್ತಿಲ್ಲ ಸರ್, ಯಾರೋ ಫಾರ್ವರ್ಡ್ ಮಾಡಿದ್ದು" ಎಂಬ ಉತ್ತರ ಬರುತ್ತದೆ. ಇದು ಸಣ್ಣ ವಿಷಯವೆಂದು ನಿಮಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಹಾಡನ್ನು ಹಂಚಿ ಹೆಸರನ್ನು ಉಳಿಸಿಕೊಳ್ಳದಿದ್ದರೆ, ನಾವು ಕಲೆಯನ್ನು ಅನುಭವಿಸಿ ಕಲಾವಿದನನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಹಾಡುಗಳನ್ನು ಆರಿಸಿ ಪೋಣಿಸಿ ಪ್ರೀತಿಪಾತ್ರರಿಗೆ ಕೊಡುವ ಪದ್ಧತಿ ನಿಮ್ಮ ಮೊಬೈಲಿನಿಂದ ಆರಂಭವಾದದ್ದಲ್ಲ. ಫಿಲಿಪ್ಸ್ ಕಂಪನಿಯು 1963ರಲ್ಲಿ ಅಂಗೈಯಗಲದ ಕ್ಯಾಸೆಟ್ಟನ್ನು ಹೊರತಂದಿತು. ನಮ್ಮ ಭಾಗದ ಹಳ್ಳಿಗಳಿಗೆ ಅದು ಬಂದು ನೆಲೆಸಿದ್ದು ಎಂಬತ್ತರ ದಶಕದಲ್ಲಿ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿಯೇ ಬಂದಿತ್ತು. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಅವರ ಹಾಡುಗಳು ಚಹಾದಂಗಡಿಗಳ ಟೇಪ್ ರೆಕಾರ್ಡರುಗಳಲ್ಲಿ ಹಗಲಿರುಳೂ ಹಾಡಿದವು. ಪೂರ್ತಿ ಕ್ಯಾಸೆಟ್ ಕೊಳ್ಳಲಾಗದವರು ಒಂದು ಹಾಳೆಯಲ್ಲಿ ತಮಗೆ ಬೇಕಾದ ಹಾಡುಗಳ ಪಟ್ಟಿ ಬರೆದುಕೊಂಡು ಹಗರಿಬೊಮ್ಮನಹಳ್ಳಿಯ ಕ್ಯಾಸೆಟ್ ಅಂಗಡಿಗೆ ಹೋಗುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ, ಅಂದರೆ ಆರು ಅಥವಾ ಏಳು ಹಾಡು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಸಣ್ಣ ಚಿಂತೆಯಾಗಿರಲಿಲ್ಲ.

ಆ ಪಟ್ಟಿಯ ಹಾಳೆಯೇ ನನ್ನ ಇಂದಿನ ಮಾತಿಗೆ ಮುಖ್ಯ. ಹಾಡು ಬೇಕೆಂದರೆ ಅದರ ಮೊದಲ ಸಾಲು, ಚಿತ್ರದ ಹೆಸರು, ಹಾಡಿದವರ ಹೆಸರು ಬರೆಯಬೇಕಾಗಿತ್ತು. ಇಲ್ಲದಿದ್ದರೆ ಅಂಗಡಿಯವನಿಗೆ ಹುಡುಕಲು ಬರುತ್ತಿರಲಿಲ್ಲ. ಧ್ವನಿಮುದ್ರಣ ಮುಗಿದ ಮೇಲೆ ಡಬ್ಬಿಯೊಳಗಿನ ರಟ್ಟಿನ ಮೇಲೆ ಮುತ್ತಿನಂತಹ ಅಕ್ಷರಗಳಲ್ಲಿ ಅದನ್ನೆಲ್ಲ ಮತ್ತೆ ಬರೆದು, ಮೇಲೆ ಅಳಿಸಿ ಬೇರೆ ಹಾಡು ತುಂಬಬಾರದೆಂದು ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಹಲ್ಲನ್ನು ಮುರಿದು, ಅಕ್ಕನ ಮದುವೆಗೋ ಸ್ನೇಹಿತನ ವರ್ಗಾವಣೆಗೋ ಉಡುಗೊರೆಯಾಗಿ ಕೊಡುತ್ತಿದ್ದರು. ಅಲ್ಲಿಯೂ ಲೋಪಗಳಿದ್ದವು. ನಾವೆಲ್ಲ "ರಾಜಕುಮಾರ್ ಹಾಡು" ಎನ್ನುತ್ತಿದ್ದ ಎಷ್ಟೋ ಹಾಡುಗಳ ಮಾತು ಚಿ. ಉದಯಶಂಕರ್ ಅವರದು, ರಾಗ ರಾಜನ್-ನಾಗೇಂದ್ರ ಅವರದು ಎಂಬುದು ಹಿಂದೆ ಸರಿದುಬಿಡುತ್ತಿತ್ತು. ಆದರೂ ರಟ್ಟಿನ ಮೇಲೆ ಒಂದು ಹೆಸರಾದರೂ ಉಳಿಯುತ್ತಿತ್ತು.

ಅನಂತರ ಮೆಮೊರಿ ಕಾರ್ಡ್ ಬಂದಿತು. ಬೆರಳಿನ ಉಗುರಿನಷ್ಟು ಕಾರ್ಡಿನಲ್ಲಿ ನಾನೂರು ಹಾಡು! ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಸಾಕು, ಆರಿಸುವ ತಾಪತ್ರಯವೂ ಇಲ್ಲ. ಅಂಗಡಿಯವನೇ ಭಕ್ತಿ, ಪ್ರೇಮ, ಜಾನಪದ ಎಂದು ವಿಂಗಡಿಸಿ ತುಂಬಿಕೊಡುತ್ತಿದ್ದ. ಎಂಪಿ3 ಎಂಬ ಆ ಕಡತದೊಳಗೆ ಹಾಡಿದವರ ಹೆಸರು, ಆಲ್ಬಮ್ಮಿನ ಹೆಸರು ಬರೆಯಲೆಂದೇ ಪ್ರತ್ಯೇಕ ಜಾಗವಿರುತ್ತದೆ. ಆ ಜಾಗದಲ್ಲಿ ಹಾಡನ್ನು ಪುಕ್ಕಟೆಯಾಗಿ ಇಳಿಸಿಕೊಡುತ್ತಿದ್ದ ಜಾಲತಾಣಗಳು ತಮ್ಮ ವಿಳಾಸವನ್ನು ತುಂಬಿಸಿದವು. ಹಾಡಿದವರು ಹೋದರು, ಕದ್ದವರ ಹೆಸರು ಉಳಿಯಿತು. ಇದಕ್ಕಿಂತ ವಿಚಿತ್ರವಾದದ್ದು ಬೇರೇನಿದ್ದೀತು?

ಇದರ ಪರಿಣಾಮವನ್ನು ನಾನು ಊರಿನಲ್ಲಿಯೇ ಕಂಡಿದ್ದೇನೆ. ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮದುವೆಯ ಹಂದರದಲ್ಲಿ ಸೋಬಾನೆ ಹಾಡಲು ಅವರೇ ಮುಂದಾಗಬೇಕು. ಯಾರದೋ ಮದುವೆಯಲ್ಲಿ ವಿಡಿಯೋದವರು ತೆಗೆದ ಧ್ವನಿ ಹೇಗೋ ಕ್ಯಾಸೆಟ್ಟಿಗೆ ಬಂದು, ಕ್ಯಾಸೆಟ್ಟಿನಿಂದ ಮೆಮೊರಿ ಕಾರ್ಡಿಗೆ ಹೋಗಿ, ಊರೂರು ಸುತ್ತಿತು. ಅಜ್ಜಿ ತೀರಿಕೊಂಡು ಕೆಲವು ವರ್ಷಗಳ ಮೇಲೆ ಅವರ ಮೊಮ್ಮಗಳು ಪಕ್ಕದ ಊರಿನ ಜಾತ್ರೆಯಲ್ಲಿ, ನಿಂತಿದ್ದ ಟ್ರ್ಯಾಕ್ಟರಿನ ಸ್ಪೀಕರಿನಿಂದ ಅದೇ ಧ್ವನಿಯನ್ನು ಕೇಳಿದಳು. ಓಡಿಹೋಗಿ ಡ್ರೈವರನನ್ನು ಕೇಳಿದರೆ, ಅವನ ಮೊಬೈಲಿನಲ್ಲಿ ಇದ್ದದ್ದು 'ಜಾನಪದ 7' ಎಂಬ ಎರಡು ಪದ ಮಾತ್ರ. "ನಮ್ಮಜ್ಜಿ ಇದು" ಎಂದು ಅವಳು ಹೇಳಿದಾಗ ಆ ಹುಡುಗ ನಂಬಲಿಲ್ಲವಂತೆ. ನಂಬಿಸುವ ಯಾವ ಆಧಾರವೂ ಅವಳ ಬಳಿ ಇರಲಿಲ್ಲ. ಆ ಕುಟುಂಬಕ್ಕೆ ಅಜ್ಜಿಯದೆಂದು ಉಳಿದಿರುವ ಏಕೈಕ ಧ್ವನಿ ಇಂದು 'ಜಾನಪದ 7'.

"ಜಾನಪದವೆಂದರೆ ಎಲ್ಲರದು ಸರ್, ಅದಕ್ಕೇಕೆ ಹೆಸರು?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ನಾಡಿನ ಹಾಡಿನ ಪರಂಪರೆ ಹೆಸರನ್ನು ಕಡೆಗಣಿಸಿದ ಪರಂಪರೆಯಲ್ಲ. ವಚನಗಳನ್ನು ನೋಡಿ. ಪ್ರತಿಯೊಂದು ವಚನದ ತುದಿಯಲ್ಲಿಯೂ ಅಂಕಿತವಿದೆ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ ಎಂದು ಐದನೆಯ ತರಗತಿಯ ಮಗುವೂ ಹೇಳುತ್ತದೆ. ದಾಸರ ಪದಗಳಲ್ಲಿ ವಿಠಲನ ಹೆಸರುಂಟು, ಶರೀಫರ ತತ್ತ್ವಪದಗಳಲ್ಲಿ ಶಿಶುನಾಳಧೀಶನುಂಟು. ಅಂಕಿತ ದೇವರ ಹೆಸರೇ ಹೊರತು ತಮ್ಮದಲ್ಲ ಎಂಬುದು ನಿಜ. ಆದರೆ ಕೆಲಸ ಮಾಡುವುದು ಸಹಿಯ ಕೆಲಸವನ್ನೇ. ಹಾಡಿನೊಳಗೇ ಹೆಣೆದ ಆ ಸಹಿಯನ್ನು ಯಾವ ಜಾಲತಾಣವೂ ಕಿತ್ತುಹಾಕಲಾರದು.

ಲಾವಣಿ ಮತ್ತು ಗೀಗೀ ಪದಗಳಲ್ಲಿ ಕವಿ ಇನ್ನೂ ಮುಂದೆ ಹೋಗಿ, ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಗುರು, ತನ್ನ ಹೆಸರನ್ನು ಹೇಳಿಯೇ ಮುಗಿಸುತ್ತಾನೆ. ಅಲಾಯಿ ಹಬ್ಬದ ಪದಗಳಲ್ಲಿಯೂ ಇದನ್ನು ಕೇಳಬಹುದು. ಇಂದು ಟ್ರ್ಯಾಕ್ಟರಿನ ಮೇಲೆ ಎದೆ ನಡುಗುವಂತೆ ಮೊಳಗುವ 'ಡಿಜೆ ಜಾನಪದ'ವನ್ನು ಅನೇಕ ಹಿರಿಯರು ಮೂಗು ಮುರಿದು ತಳ್ಳಿಹಾಕುತ್ತಾರೆ. ಅದರ ಎಷ್ಟೋ ಮಾತುಗಳು ನನಗೂ ರುಚಿಸುವುದಿಲ್ಲ. ಆದರೆ ಕಿವಿಗೊಟ್ಟು ಕೇಳಿ: ಕೊನೆಯ ನುಡಿಯಲ್ಲಿ ಸಾಹಿತ್ಯ ಬರೆದವನ ಊರು, ಹಾಡಿದವನ ಹೆಸರು ಬಂದೇ ಬರುತ್ತದೆ. ಲಾವಣಿಕಾರನ ಮೊಮ್ಮಕ್ಕಳು ಅಜ್ಜನ ಪಾಠವನ್ನು ಮರೆತಿಲ್ಲ ಎಂದು ಆಗ ನನಗೆ ಅನಿಸುತ್ತದೆ.

ಇಲ್ಲಿ ಇನ್ನೊಂದು ಮಾತಿದೆ. ಸಹಿ ಹಾಕಿದ ಲಾವಣಿಕಾರರು ಬಹುತೇಕ ಗಂಡಸರು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲಿನ ಪಕ್ಕದಲ್ಲಿ ಹಾಡಿದ ಹೆಣ್ಣುಮಕ್ಕಳು ಹೆಸರನ್ನು ಹಾಡಿನಲ್ಲಿ ಇಡಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದು ಕನ್ನಡಕ್ಕೆ ಮಹದುಪಕಾರ ಮಾಡಿದರು. ಅಲ್ಲಿಯೂ ನಾವು ಇಂದು ಸಂಗ್ರಹಿಸಿದವರನ್ನು ನೆನೆಯುತ್ತೇವೆ. ಹಾಡಿದವರೆಲ್ಲ 'ಗರತಿ' ಎಂಬ ಒಂದೇ ಪದದಲ್ಲಿ ಕರಗಿಹೋಗಿದ್ದಾರೆ. ಆದ್ದರಿಂದ ಹೆಸರು ಕಳೆದುಹೋಗುವಾಗ ಎಲ್ಲರ ಹೆಸರೂ ಸಮನಾಗಿ ಕಳೆದುಹೋಗುವುದಿಲ್ಲ. ಮೊದಲು ಹೋಗುವುದು ಬಡವರದು, ಹೆಂಗಸರದು, ಓದು ಬರಹ ಬಾರದವರದು. ತಾನಾಗಿ ಹೆಸರು ತೊರೆದವನು ಸಂನ್ಯಾಸಿ. ಇತರರ ಅಸಡ್ಡೆಯಿಂದ ಹೆಸರು ಕಳೆದುಕೊಂಡವನು ಸಂನ್ಯಾಸಿಯಲ್ಲ, ಅನ್ಯಾಯಕ್ಕೊಳಗಾದವನು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಸಮಾಧಾನದ ಉದಾಹರಣೆಗಳೂ ಇವೆ. ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಬುರ್ರಕಥೆಯ ಮಹಾಕಾವ್ಯಗಳನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಆ ತಾಯಿ 2014ರಲ್ಲಿ ತೀರಿಕೊಂಡರು. ವಿದ್ವಾಂಸರು ಅವರ ಬಳಿ ಕುಳಿತು, ಕೇಳಿ, ಅವರ ಹೆಸರಿನೊಂದಿಗೆ ಬರೆದುಕೊಂಡದ್ದರಿಂದ ಅವರು 'ನಾಡೋಜ'ರಾದರು. ಹಾಗೆಯೇ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರು 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ, ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ, ಹಂಚಿಕೊಂಡಿದ್ದೀರಿ. ಜೋಗತಿ ನೃತ್ಯವನ್ನು ತಮಗೆ ಕಲಿಸಿದ ಗುರು ಕಾಳವ್ವ ಜೋಗತಿಯವರ ಹೆಸರನ್ನು ಮಂಜಮ್ಮನವರು ಹೇಳದೆ ಬಿಡುವುದಿಲ್ಲ. ಕಲಿಸಿದವರ ಹೆಸರು ಹೇಳುವುದು ಕಲೆಯ ಭಾಗವೇ ಎಂಬುದನ್ನು ಅವರಿಂದ ಕಲಿಯಬೇಕು.

ಇನ್ನು ಗೋಡೆಗಳ ವಿಷಯಕ್ಕೆ ಬರೋಣ. ಬೀದಿಯ ಚಿತ್ರಕಲೆ ಎಂದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಮಾತ್ರವಲ್ಲ. ಫ್ಲೆಕ್ಸ್ ಬರುವ ಮುನ್ನ ನಮ್ಮ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಲ್ಲಿ ಪ್ರತಿಯೊಂದು ಅಂಗಡಿಯ ಬೋರ್ಡನ್ನೂ ಕುಂಚದಿಂದಲೇ ಬರೆಯುತ್ತಿದ್ದರು. ಕಿರಾಣಿ ಅಂಗಡಿಯ ಮೇಲೆ ಲಕ್ಷ್ಮಿ, ಕ್ಷೌರದಂಗಡಿಯ ಗಾಜಿನ ಮೇಲೆ ಸಿನಿಮಾ ನಾಯಕ, ಟ್ರೇಲರಿನ ಹಿಂಬದಿಯಲ್ಲಿ ಜೋಡೆತ್ತು. ಎಲ್ಲದರ ಬಲಮೂಲೆಯಲ್ಲಿ, ಕೆಳಗೆ, ಸಣ್ಣ ಓರೆ ಅಕ್ಷರಗಳಲ್ಲಿ ಬರೆದವನ ಹೆಸರು, ಅದರ ಮುಂದೆ 'ಆರ್ಟ್ಸ್' ಎಂಬ ಪದ, ಊರಿನ ಹೆಸರು. ಬೋರ್ಡು ಅಂಗಡಿಯವನದಾದರೂ ಅಕ್ಷರ ನನ್ನದು ಎಂದು ಹೇಳುವ ಹಕ್ಕನ್ನು ಆ ಕಲಾವಿದ ಬಿಟ್ಟುಕೊಟ್ಟಿರಲಿಲ್ಲ, ಅಂಗಡಿಯವನೂ ಬೇಡವೆನ್ನುತ್ತಿರಲಿಲ್ಲ. ಇಂದಿನ ಫ್ಲೆಕ್ಸಿನಲ್ಲಿ ಶುಭ ಕೋರುವ ನೂರು ಜನರ ಮುಖವಿರುತ್ತದೆ. ವಿನ್ಯಾಸ ಮಾಡಿದ ಹುಡುಗನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಊರಿನ ನಾಟಕದ ಕರಪತ್ರವನ್ನು ನೆನಪಿಸಿಕೊಳ್ಳಿ. ಕವಿ, ನಿರ್ದೇಶಕರು, ಹಾರ್ಮೋನಿಯಂ ಮಾಸ್ತರರು, ತಬಲಾ, ರಂಗಸಜ್ಜಿಕೆ, ಧ್ವನಿವರ್ಧಕ, ಸ್ತ್ರೀ ಪಾತ್ರಧಾರಿಗಳು, ಕೊನೆಗೆ ಚಂದಾ ಕೊಟ್ಟವರು, ಎಲ್ಲರ ಹೆಸರೂ ಅಲ್ಲಿರುತ್ತದೆ. ಒಂದು ಹೆಸರು ಬಿಟ್ಟರೆ ಜಗಳವೇ ಆಗುತ್ತದೆ. ಆ ಜಗಳವನ್ನು ನಾವು ತಮಾಷೆ ಮಾಡುತ್ತೇವೆ. ಆದರೆ ಅದು ನ್ಯಾಯದ ಜಗಳ.

ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳರ ಕಾಲದ ಶಿಲ್ಪಿಗಳು ನಮಗೆ ಪಾಠ ಹೇಳುತ್ತಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೆಲ್ಲ ತಾವು ಕಡೆದ ಮೂರ್ತಿಯ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ನಾವು ಮಾಡಿದ್ದೇನು? ಪೀಠದ ಮೇಲಿನ ಹೆಸರನ್ನು ಓದದೆ, ಎಲ್ಲವನ್ನೂ ಜಕಣಾಚಾರಿಯ ಕಥೆಗೆ ಒಪ್ಪಿಸಿಬಿಟ್ಟೆವು. ಕಲ್ಲಿನಲ್ಲಿ ಕೊರೆದ ಹೆಸರನ್ನೂ ಓದುವವರಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಬೆಂಗಳೂರಿನ ಗೋಡೆಗಳಲ್ಲಿಯೂ ಇದೇ ಕಥೆ. 2009ರ ಸುಮಾರಿಗೆ ಅಲ್ಲಿನ ಮಹಾನಗರ ಪಾಲಿಕೆಯು ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಂದ ರಸ್ತೆಬದಿಯ ಗೋಡೆಗಳ ಮೇಲೆ ಹಂಪಿಯ ರಥ, ಜೋಗದ ಜಲಪಾತ ಮುಂತಾದವನ್ನು ಬರೆಸಿತು. ಹಾದುಹೋದ ಲಕ್ಷಾಂತರ ಜನರಲ್ಲಿ ಬರೆದವರ ಹೆಸರು ಹೇಳಬಲ್ಲವರು ಎಷ್ಟು ಮಂದಿ? ಇದಕ್ಕೆ ಪ್ರತಿಯಾಗಿ ಮೈಸೂರಿನ ಬಾದಲ್ ನಂಜುಂಡಸ್ವಾಮಿಯವರನ್ನು ನೋಡಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯನ್ನು ಇರಿಸಿದವರು, 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಚಂದ್ರನ ಮೇಲಿನ ನಡಿಗೆಯನ್ನು ತೋರಿಸಿದವರು ಅವರೇ. ನಿಮ್ಮಲ್ಲಿ ಮೂವರು ಆ ಚಂದ್ರನಡಿಗೆಯ ವಿಡಿಯೋವನ್ನು ನನಗೆ ಕಳುಹಿಸಿದ್ದಿರಿ. ಒಂದರಲ್ಲಿಯೂ ಅವರ ಹೆಸರಿರಲಿಲ್ಲ. ಪತ್ರಿಕೆಗಳು ಅವರ ಹೆಸರನ್ನು ಬರೆದದ್ದರಿಂದ ಅವರ ಕೆಲಸ ಬರೀ ನಗೆಚಿತ್ರವಾಗದೆ ನಾಗರಿಕನೊಬ್ಬನ ದೂರಾಗಿ ಉಳಿಯಿತು. ದೂರಿಗೆ ಬಲ ಬರುವುದು ಕೆಳಗೆ ಸಹಿ ಇದ್ದಾಗಲೇ ಅಲ್ಲವೆ?

ನೀವು ಮೆಚ್ಚುವ ಗೋಡೆಬರಹ ಮತ್ತು ರ‍್ಯಾಪ್ ಎರಡೂ ಬೆಳೆದು ಬಂದ ನ್ಯೂಯಾರ್ಕಿನಲ್ಲಿಯೂ ಮೂಲದಲ್ಲಿ ಇದ್ದದ್ದು ಹೆಸರೇ. 183ನೆಯ ಬೀದಿಯ ಒಬ್ಬ ಹುಡುಗ, ಪತ್ರ ತಲುಪಿಸುವ ಕೆಲಸದವನು, ಹೋದಲ್ಲೆಲ್ಲ 'ಟಾಕಿ 183' ಎಂದು ಬರೆಯುತ್ತಿದ್ದ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ ಬಗ್ಗೆ ಬರೆದ ಮೇಲೆ ಸಾವಿರಾರು ಹುಡುಗರು ಗೋಡೆಗಳ ಮೇಲೆ ತಮ್ಮ ಹೆಸರು ಬರೆಯತೊಡಗಿದರು. ನಾವೂ ಇದ್ದೇವೆ ಎಂದು ನಗರಕ್ಕೆ ಹೇಳುವ ರೀತಿ ಅದು. ಹಂಪಿಯ ಕಂಬಗಳ ಮೇಲೆ ಪ್ರೇಮಿಗಳು ಹೆಸರು ಗೀಚುವುದನ್ನು ಇದರೊಂದಿಗೆ ಸೇರಿಸಬೇಡಿ. ಇನ್ನೊಬ್ಬರ ಕೃತಿಯ ಮೇಲೆ ತನ್ನ ಹೆಸರು ಕೊರೆಯುವುದು ಹೆಸರನ್ನು ಅಳಿಸುವಷ್ಟೇ ತಪ್ಪು. ಅದೇ ನ್ಯೂಯಾರ್ಕಿನಲ್ಲಿ 1973ರಲ್ಲಿ ಹಾಡುಗಳನ್ನು ಬೆರೆಸಿ ನುಡಿಸುವ ಕಲೆಯನ್ನು ಆರಂಭಿಸಿದ ಡಿಜೆ ಕೂಲ್ ಹರ್ಕ್, ತನ್ನ ಗ್ರಾಮಫೋನ್ ತಟ್ಟೆಗಳ ಹೆಸರಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದನಂತೆ. ಎದುರಾಳಿಗಳಿಗೆ ಹಾಡಿನ ಗುಟ್ಟು ತಿಳಿಯಬಾರದೆಂಬ ಉಪಾಯ. ಅದು ವ್ಯಾಪಾರದ ಜಾಣತನವಿರಬಹುದು. ಪ್ರೀತಿಯಿಂದ ಹಾಡು ಕಳುಹಿಸುವ ನಿಮಗೆ ಆ ಗುಟ್ಟಿನ ಅಗತ್ಯವೇನು?

ಕಾನೂನೂ ಈ ಮಾತನ್ನು ಹೇಳುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಸೆಕ್ಷನ್ ಪ್ರಕಾರ, ಕೃತಿಯನ್ನು ಮಾರಿದ ಮೇಲೂ "ಇದು ನನ್ನದು" ಎಂದು ಹೇಳುವ ಹಕ್ಕು ಕರ್ತೃವಿನಲ್ಲಿಯೇ ಉಳಿಯುತ್ತದೆ. 2012ರ ತಿದ್ದುಪಡಿಯು ಹಾಡುಗಾರರು, ನಟರು ಮೊದಲಾದ ಪ್ರದರ್ಶಕರಿಗೂ ಇಂತಹ ಹಕ್ಕನ್ನು ನೀಡಿತು. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರು ರಚಿಸಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ಒಂದು ಮಾತೂ ಹೇಳದೆ ಕಿತ್ತು ಗೋದಾಮಿಗೆ ಹಾಕಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಅವರ ಪರವಾಗಿ ತೀರ್ಪು ನೀಡಿ, ಉಳಿದ ಭಾಗಗಳನ್ನು ಹಿಂದಿರುಗಿಸಲು, ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಗೋಡೆ ಸರ್ಕಾರದ್ದೇ ಇರಬಹುದು, ಕೃತಿಯ ಗೌರವ ಕಲಾವಿದನದು ಎಂಬುದು ಅದರ ಸಾರ.

ಈಗ ಇದನ್ನು ಬರೆಯಲು ಇನ್ನೂ ಒಂದು ಕಾರಣವಿದೆ. ಕೃತಕ ಬುದ್ಧಿಮತ್ತೆ ಇಂದು ತೀರಿಕೊಂಡವರ ಕಂಠದಲ್ಲಿಯೂ ಹೊಸ ಹಾಡು ಹಾಡಿಸುತ್ತಿದೆ. 2020ರಲ್ಲಿ ನಮ್ಮನ್ನಗಲಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಒಂದು ತೆಲುಗು ಚಿತ್ರದಲ್ಲಿ ಅನುಮತಿಯಿಲ್ಲದೆ ಹೀಗೆ ಬಳಸಲಾಗಿದೆ ಎಂದು ಅವರ ಕುಟುಂಬ 2024ರಲ್ಲಿ ನೋಟಿಸು ಕಳುಹಿಸಬೇಕಾಯಿತು. ಅವರ ಧ್ವನಿಯನ್ನು ಗುರುತಿಸಲು ಕೋಟಿ ಕಿವಿಗಳಿವೆ, ಕೇಳಲು ಕುಟುಂಬವಿದೆ. ನಮ್ಮ ಓಣಿಯ ಅಜ್ಜಿಯ ಧ್ವನಿಯನ್ನು ಯಂತ್ರವೊಂದು ನುಂಗಿ ಬೇರೆ ಹಾಡು ಹಾಡಿದರೆ ಕೇಳುವವರು ಯಾರು? ಹೆಸರಿಲ್ಲದ ಧ್ವನಿ ಬೇಲಿಯಿಲ್ಲದ ಹೊಲವಿದ್ದಂತೆ.

ನಾನು ನಿಮಗೆ ದೊಡ್ಡ ಕೆಲಸವನ್ನೇನೂ ಹೇಳುವುದಿಲ್ಲ. ಹಾಡು ಕಳುಹಿಸುವಾಗ ಕೆಳಗೆ ಒಂದು ಸಾಲು ಸೇರಿಸಿ: ಹಾಡಿದವರು, ಬರೆದವರು, ರಾಗ ಹಾಕಿದವರು, ವರ್ಷ. ಗೋಡೆಯ ಚಿತ್ರವಾದರೆ ಬರೆದವರು, ಬೀದಿ, ಊರು. ಫೋಟೋ ತೆಗೆಯುವಾಗ ಚಿತ್ರದ ಕೆಳಮೂಲೆಯನ್ನು ಕತ್ತರಿಸಬೇಡಿ. ಸಹಿ ಇರುವುದು ಅಲ್ಲಿಯೇ. ಹೆಸರು ತಿಳಿಯದಿದ್ದರೆ "ತಿಳಿಯದು, ತಿಳಿದವರು ಹೇಳಿ" ಎಂದಾದರೂ ಬರೆಯಿರಿ. ಆ ಒಂದು ಸಾಲು ಕಂಡು ಎಲ್ಲಿಂದಲೋ ಒಬ್ಬರು ಉತ್ತರ ಹೇಳುತ್ತಾರೆ. ಹಾಗೆಯೇ ಹೆಸರು ಹಾಕುವ ಮುನ್ನ ಅವರನ್ನು ಕೇಳಿ. ಹೊರಗೆ ಹೆಸರು ಬರುವುದು ಬೇಡವೆನ್ನುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ; ಅವರ ಮಾತನ್ನು ಮನ್ನಿಸಬೇಕು. ಮೇಲೆ ಹೇಳಿದ ಅಜ್ಜಿಯ ಹೆಸರನ್ನು ನಾನು ಇಲ್ಲಿ ಬರೆಯದಿರುವುದೂ ಅದಕ್ಕಾಗಿಯೇ, ಮನೆಯವರ ಒಪ್ಪಿಗೆ ಇನ್ನೂ ಬರಬೇಕಾಗಿದೆ.

ಊರಿಗೆ ಬಂದಾಗ ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಸೋಬಾನೆ, ಭಜನೆ, ಡೊಳ್ಳಿನ ಪದ ಬಲ್ಲ ಹಿರಿಯರಿದ್ದರೆ ಅವರ ಮುಂದೆ ಮೊಬೈಲ್ ಇಟ್ಟು, ಹಾಡು ಶುರುಮಾಡುವ ಮುನ್ನ ಅವರ ಬಾಯಿಂದಲೇ ಹೇಳಿಸಿ: "ನನ್ನ ಹೆಸರು ಇಂಥದು, ನನ್ನ ಊರು ಇಂಥದು, ಈ ಪದವನ್ನು ನನಗೆ ಇಂಥವರು ಕಲಿಸಿದರು." ಲಾವಣಿಕಾರರು ಕೊನೆಯ ನುಡಿಯಲ್ಲಿ ಮಾಡುತ್ತಿದ್ದುದನ್ನು ನೀವು ಮೊದಲ ನುಡಿಯಲ್ಲಿ ಮಾಡಿದಂತಾಗುತ್ತದೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷವಿದ್ದರೆ ನಾಳೆ ಯಾವ ಮೊಮ್ಮಗಳೂ ಜಾತ್ರೆಯಲ್ಲಿ ನಿಂತು ತನ್ನ ಅಜ್ಜಿಯನ್ನು ರುಜುವಾತುಪಡಿಸಬೇಕಾಗಿಲ್ಲ.

ಹಾಗೆ ಮುದ್ರಿಸಿದ್ದನ್ನು ನನಗೂ ಕಳುಹಿಸಿ. ಹೆಸರು, ಊರು, ತಾರೀಖಿನೊಂದಿಗೆ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಹಾಜರಿ ಪುಸ್ತಕ ಬರೆದು ಪಳಗಿದ ಕೈ ಇದು, ಹೆಸರು ತಪ್ಪಿಹೋಗಲಾರದು.